‘ತೆಗೆಯಿರಿ’ ಗುಂಡಿ

ಪುಟದ ಬುಡದಲ್ಲಿ ‘ಈ ಪುಟವನ್ನು ತಿದ್ದಲು ನಮ್ಮೊಡನೆ ಕೈಜೋಡಿಸಿ’ ಎಂದು ದೊಡ್ಡ ಮನಸ್ಸಿನಿಂದ ಬರೆದಿದ್ದರು. ಕೈಜೋಡಿಸುವುದೆಂದರೆ ಇಲ್ಲಿ ಕೈಮುಗಿದು ನಿಲ್ಲುವುದು ಎಂದು ತಿಳಿಯಲು ಯಶೋಧರಾಗೆ ಹನ್ನೊಂದು ದಿನ ಬೇಕಾಯಿತು. ತಿದ್ದಬೇಕಾಗಿದ್ದದ್ದು ಒಂದೇ ಒಂದು ಶಬ್ದ. ಒಂದು ಶಬ್ದಕ್ಕೆ ಹನ್ನೊಂದು ದಿನವೇ ಎಂದು ಹುಬ್ಬೇರಿಸುವವರು ತಮ್ಮ ಜನ್ಮದಲ್ಲಿ ಯಾವ ಕಂಪನಿಯ ಸಹಾಯ ಪುಟವನ್ನೂ ತಿದ್ದಲು ಹೋದವರಲ್ಲ. ಪುಣ್ಯವಂತರು, ಹಾಗೇ ಇರಲಿ.

ಯಶೋಧರಾ ಸೇಡಂನ ಹೊಲಿಗೆ ತರಬೇತಿ ಕೇಂದ್ರದಲ್ಲಿ ಕಂಪ್ಯೂಟರು, ಮೊಬೈಲು ಕಲಿಸುವ ಹುಡುಗಿ. ಪುಣೆಯ ಒಂದು ಸಾಫ್ಟ್‌ವೇರ್ ಕಂಪನಿ ದರ್ಜಿಗಳಿಗೆಂದೇ ‘ಧಾಗಾಘರ’ ಎಂಬ ಆ್ಯಪ್ ಮಾಡಿತ್ತು. ಗಿರಾಕಿಗೊಂದು ಕಾರ್ಡು, ಅದರಲ್ಲಿ ಎದೆ, ಸೊಂಟ, ಭುಜ, ತೋಳು, ಕುತ್ತಿಗೆಯ ಆಳ, ಎಲ್ಲ ಅಳತೆ. ಬಳಸುವುದು ಹೇಗೆಂದು ಹೇಳಲು ಒಂದು ವೆಬ್‌ಸೈಟು, ಅದರಲ್ಲಿ ಕನ್ನಡದ ಪುಟಗಳು. ಕೇಂದ್ರದ ಮುಖ್ಯಸ್ಥ ಅಮೃತಪ್ಪನವರಿಗೆ ಹೊಸದೆಲ್ಲ ಬೇಕು, ಆದರೆ ತಾವು ಮುಟ್ಟಬಾರದು. ಹಾಗಾಗಿ ಆ್ಯಪನ್ನು ಪಾಠಕ್ಕೆ ಸೇರಿಸುವ ಕೆಲಸ ಯಶೋಧರಾಳ ಕೊರಳಿಗೆ ಬಿತ್ತು. ಅವಳು ಅದನ್ನು ಕೇಂದ್ರದ ಹುಡುಗಿಯರಿಗಷ್ಟೇ ಕಲಿಸಿ ಸುಮ್ಮನಿದ್ದಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಆದರೆ ಅವಳಿಗೆ ಊರ ಉದ್ಧಾರದ ಹುರುಪು; ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿದ್ದ ಮುಸರತ ಆಪಾಳ ಅಂಗಡಿಗೂ ಹೋಗಿ ಆ್ಯಪು ಹಾಕಿಕೊಟ್ಟಳು.

ಮುಸರತ ಹದಿನೆಂಟು ವರ್ಷದಿಂದ ಬ್ಲೌಸು, ಕುರ್ತಾ, ಮದುವೆಯ ಶರಾರಾ ಹೊಲಿಯುವವಳು. ಸೇಡಂ ಪೇಟೆಯ ಅರ್ಧ ಹೆಂಗಸರ ಅಳತೆ ಅವಳ ಕೈಯಲ್ಲಿ. ಆದಿತ್ಯನಗರದ ಸಿಮೆಂಟ್ ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿದ್ದು ಬೇರೆ ಊರಿಗೆ ವರ್ಗವಾಗಿ ಹೋದವರು ಕೂಡ ಯಾರದೋ ಕೈಯಲ್ಲಿ ಬಟ್ಟೆ ಕಳಿಸಿ, ಅಳತೆ ನಿನ್ನ ಹತ್ತಿರ ಇದೆಯಲ್ಲ ಎಂದು ಹೇಳಿ ಕಳಿಸುವರು. ಆ ಮಾತೇ ಮುಸರತಳ ಆಸ್ತಿ. ಎರಡು ತಿಂಗಳು ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಇಬ್ಬರೂ ಕೂತು, ಒಬ್ಬಳು ಓದಿ ಒಬ್ಬಳು ಒತ್ತಿ, ನೋಟುಬುಕ್ಕುಗಳನ್ನೆಲ್ಲ ಫೋನಿಗೆ ಏರಿಸಿದರು. ಇನ್ನು ಇವು ಯಾಕೆ ಜಾಗ ತಿನ್ನಬೇಕು ಎಂದು ನೋಟುಬುಕ್ಕುಗಳನ್ನು ರದ್ದಿಗೆ ಹಾಕಿಸಿದವಳೂ ಯಶೋಧರಾಳೇ. ಆ ಬುದ್ಧಿವಂತಿಕೆ ನೆನಪಾದಾಗಲೆಲ್ಲ ಅವಳಿಗೆ ತನ್ನ ತಲೆಯನ್ನೇ ಗೋಡೆಗೆ ಚಚ್ಚಿಕೊಳ್ಳಬೇಕು ಅನಿಸುತ್ತಿತ್ತು.

ದರ್ಜಿಯ ಅಂಗಡಿಯಲ್ಲಿ ಗಿರಾಕಿ ಬಂದರೆ ಹೇಳುವ ಮಾತು ಒಂದೇ: ಬುಕ್ ತೆಗಿ, ಹೆಸರು ತೆಗಿ, ಅಳತೆ ತೆಗಿ. ಈ ಸೀಮೆಯಲ್ಲಿ ಬಾಗಿಲು ತೆಗಿ ಅಂದರೂ ಪೆಟ್ಟಿಗೆ ತೆಗಿ ಅಂದರೂ ಮುಚ್ಚಿದ್ದನ್ನು ಬಿಚ್ಚಿ ತೋರಿಸು ಎಂದೇ ಅರ್ಥ. ಆ್ಯಪಿನಲ್ಲಿ ಒಂದೊಂದು ಕಾರ್ಡಿನ ಪಕ್ಕಕ್ಕೂ ಎರಡು ಗುಂಡಿ. ಒಂದರ ಮೇಲೆ ‘ವೀಕ್ಷಣೆ’, ಇನ್ನೊಂದರ ಮೇಲೆ ‘ತೆಗೆಯಿರಿ’. ವೀಕ್ಷಣೆ ಅಂದರೆ ಮುಸರತಳ ಲೆಕ್ಕದಲ್ಲಿ ಯಾರೋ ಸಾಹೇಬರು ಜೀಪಿನಲ್ಲಿ ಬಂದು ನೋಡಿ ಹೋಗುವುದು. ತನಗೆ ಬೇಕಾಗಿದ್ದದ್ದು ಕಾರ್ಡು ತೆಗೆಯುವುದು. ಯಶೋಧರಾ ಶಹಾಬಾದಿಗೆ, ತನ್ನ ತವರಿಗೆ, ಹೋಗಿದ್ದ ದಿನ ಮುಸರತ ಒಬ್ಬಳೇ ಕೂತು ಸಹಾಯ ಪುಟ ಓದಿದಳು. ಅದರಲ್ಲೂ ‘ಕಾರ್ಡನ್ನು ಆಯ್ದು ತೆಗೆಯಿರಿ ಒತ್ತಿ’ ಎಂದೇ ಇತ್ತು. ಒತ್ತಿದಳು. ಕಾರ್ಡು ಮಾಯವಾಯಿತು. ಫೋನು ನಿಧಾನ ಎಂದುಕೊಂಡು ಇನ್ನೊಂದನ್ನು ಒತ್ತಿದಳು. ಹೀಗೆ ಅರವತ್ತಮೂರು.

“ಒತ್ತಿದ್ರ ‘ಖಂಡಿತ ತೆಗೆಯಬೇಕೆ?’ ಅಂತ ಕೇಳ್ತು,” ಎಂದಳು ಮುಸರತ, ಮರುದಿನ ಯಶೋಧರಾ ಅಂಗಡಿಗೆ ಓಡಿ ಬಂದಾಗ. “ಎಷ್ಟ್ ತಮೀಜ್ ಅದ ನೋಡು ಇದಕ್ಕ, ತೆಗಿಯೋಕಿಂತ ಮದಲ ಕೇಳಾಕತ್ತದ ಅನ್ಕೊಂಡೆ. ಹೌದು ಅಂದೆ.”

ಅಷ್ಟಕ್ಕೇ ನಿಂತಿದ್ದರೆ ಉಳಿಯುತ್ತಿತ್ತು. ಹೋದ ಕಾರ್ಡುಗಳನ್ನು ಆ್ಯಪು ಒಂದು ತಿಂಗಳು ‘ತೆಗೆದವು’ ಎಂಬ ಇನ್ನೊಂದು ಪಟ್ಟಿಯಲ್ಲಿ ಇಟ್ಟಿರುತ್ತಿತ್ತು. ಮುಸರತ ಹುಡುಕುತ್ತ ಅಲ್ಲಿಗೂ ತಲುಪಿದಳು. ಅಲ್ಲಿ ಹೆಸರುಗಳು ಕಂಡವು, ಅಳತೆ ಕಾಣಲಿಲ್ಲ. ಕೆಳಗೆ ಕೆಂಪು ಬಣ್ಣದ ಗುಂಡಿ: ‘ಪೂರ್ತಿ ತೆಗೆಯಿರಿ’. ನಾನು ಅರ್ಧ ತೆಗೆದಿದ್ದೇನೆ, ಅದಕ್ಕೇ ಕಾಣುತ್ತಿಲ್ಲ, ಎಂದುಕೊಂಡ ಆ ಹೆಂಗಸು ಬಿಸ್ಮಿಲ್ಲಾ ಹೇಳಿ ಅದನ್ನೂ ಒತ್ತಿದಳು.

ಯಶೋಧರಾಗೆ ಮೊದಲು ನಗು ಬಂತು, ಮುಸರತಳ ಮುಖ ನೋಡಿದ ಮೇಲೆ ಅದು ಅಲ್ಲೇ ನಿಂತಿತು. ಹಳೆಯ ಗಿರಾಕಿಯನ್ನು ಮತ್ತೆ ಅಳತೆಗೆ ಕರೆಯುವುದು ದರ್ಜಿಗೆ ಸಣ್ಣ ಅವಮಾನವಲ್ಲ. ಕಿರಾಣಿ ಅಂಗಡಿಯವರ ಮನೆಯಾಕೆಯನ್ನು ಕರೆದರೆ ಆಕೆ, ನಾನು ಅಷ್ಟು ದಪ್ಪಗಾಗಿದ್ದೀನೇನು ಎಂದು ಸಿಟ್ಟು ಮಾಡಿಕೊಂಡು ಬಟ್ಟೆ ವಾಪಸ್ ಒಯ್ದಿದ್ದಳು. ಊರು ಬಿಟ್ಟು ಹೋದವರನ್ನಂತೂ ಕರೆಯುವ ಹಾಗೂ ಇಲ್ಲ. ಫೋನು ಮಾಡಿ ಕಳೆದುಕೊಂಡೆ ಎಂದು ಹೇಳಲು ಮುಸರತಳಿಗೆ ಬಾಯಿ ಬರಲಿಲ್ಲ.

ಯಶೋಧರಾ ತಪ್ಪಾಯಿತು ಎಂದಳು. ಏನು ಮಾಡಲಿ ಹೇಳಿ ಎಂದಳು.

“ನನಗ ನಿನ್ನ ಮಾಫಿ ಬ್ಯಾಡ,” ಎಂದಳು ಮುಸರತ, ಹೊಲಿಗೆ ಮಷೀನಿನ ಮೇಲಿಂದ ಕಣ್ಣೆತ್ತದೆ. “ಆ ಮಾತು ಬದಲಿ ಮಾಡ್ಸು. ಮಾಡ್ಸಿದ ಮ್ಯಾಲ ನನ್ನ ಅಂಗಡಿ ಕಟ್ಟಿ ಹತ್ತು.”

ಹದಿನೈದು ದಿನಕ್ಕೆ ಸುಲೇಪೇಟದಲ್ಲಿ ಹೊಸ ತರಬೇತಿ ಶುರುವಾಗುವುದಿತ್ತು. ಇಪ್ಪತ್ತೆರಡು ಹೆಂಗಸರು, ಎಲ್ಲರೂ ಮನೆಯಲ್ಲಿ ಹೊಲಿಯುವವರು, ಎಲ್ಲರ ಫೋನಿಗೂ ಇದೇ ಆ್ಯಪು. ಅವರೂ ಬುಕ್ ತೆಗಿ, ಹೆಸರು ತೆಗಿ ಎನ್ನುವವರೇ. ಅಷ್ಟರೊಳಗೆ ಶಬ್ದ ಬದಲಾಗಬೇಕಿತ್ತು. ಒಂದು ಶಬ್ದ ತಾನೇ, ಒಂದು ಗಂಟೆಯ ಕೆಲಸ ಎಂದು ಯಶೋಧರಾ ತೋಳೇರಿಸಿ ಕೂತಳು.

ಮೊದಲನೆಯ ದಿನ ಕಂಪನಿಯವರು ವೆಬ್‌ಸೈಟಿನಲ್ಲಿ ಖಾತೆ ಮಾಡಿಸಿಕೊಂಡರು. ಹನ್ನೆರಡು ಪುಟದ ಒಪ್ಪಂದಕ್ಕೆ ಸಹಿ ಹಾಕಿಸಿಕೊಂಡರು. ತಾನು ಕೊಡುವ ಒಂದು ಶಬ್ದದ ಮೇಲೆ ತನಗೆ ಯಾವ ಹಕ್ಕೂ ಇಲ್ಲ ಎಂದು ಯಶೋಧರಾ ಒಪ್ಪಿಕೊಂಡಳು. ಆಮೇಲೆ ಪುಟದಲ್ಲಿ ‘ತೆಗೆಯಿರಿ’ ಇದ್ದಲ್ಲಿ ‘ಡಿಲೀಟ್ ಮಾಡಿ’ ಎಂದು ಬರೆದು ಕಳಿಸಿದಳು. ಅರೆ ನಿಮಿಷದಲ್ಲಿ ಉತ್ತರ ಬಂತು. ಬರೆದದ್ದು ಯಂತ್ರ. ತಲೆಬರಹ ಇಂಗ್ಲಿಷಿನಲ್ಲಿಲ್ಲ, ಸಾಲಿನ ಕೊನೆಯಲ್ಲಿ ಒಂದು ಖಾಲಿ ಜಾಗ ಉಳಿದಿದೆ, ಆದ್ದರಿಂದ ತಿರಸ್ಕೃತ. ಕನ್ನಡದ ತಪ್ಪು ತಿದ್ದಲು ಇಂಗ್ಲಿಷಿನಲ್ಲಿ ಅರ್ಜಿ ಯಾಕೆಂದು ಯಂತ್ರವನ್ನು ಕೇಳಿ ಏನು ಪ್ರಯೋಜನ. ತಿದ್ದಿ ಮತ್ತೆ ಕಳಿಸಿದಳು.

ಮೂರು ದಿನ ಯಾರೂ ಮಾತಾಡಲಿಲ್ಲ. ನಾಲ್ಕನೆಯ ದಿನ ‘ಕನ್ನಡ ಪರಿಶೀಲಕ ೨’ ಎಂಬ ಮನುಷ್ಯ ಬಂದ. ಹೆಸರಿಲ್ಲ, ಊರಿಲ್ಲ, ಫೋಟೋದ ಜಾಗದಲ್ಲಿ ಒಂದು ಸೂಜಿಯ ಚಿತ್ರ. ‘ಡಿಲೀಟ್’ ಕನ್ನಡವಲ್ಲ, ಸಲ್ಲದು ಎಂದ. ‘ಅಳಿಸಿ’ ಎಂದು ಮಾಡಿದಳು. ಪುಟದಲ್ಲಿ ತಿದ್ದುವ ಹಾಗಿಲ್ಲ, ಎಲ್ಲ ಶಬ್ದಗಳೂ ಒಂದು ಪದಪಟ್ಟಿಯಿಂದ ಬರುತ್ತವೆ, ಅಲ್ಲಿ ತಿದ್ದಿದರೆ ಪುಟದಲ್ಲೂ ಆ್ಯಪಿನಲ್ಲೂ ತಾನಾಗಿ ಬದಲಾಗುತ್ತದೆ, ಹೊಸ ಕೋರಿಕೆ ಹಾಕಿ ಎಂದ. ಹಾಕಿದಳು. ಆಗ ಬಂದ ಉತ್ತರ ಅವಳ ಮೈಯೆಲ್ಲ ಉರಿಸಿತು: ‘ರಿಮೂವ್ ಎಂಬುದಕ್ಕೆ ತೆಗೆಯಿರಿ ಎಂಬುದು ಶುದ್ಧ ಕನ್ನಡ. ಓಪನ್ ಎಂಬುದಕ್ಕೆ ತೆರೆಯಿರಿ ಎಂಬ ಪ್ರತ್ಯೇಕ ಪದವಿದೆ. ಪ್ರಾದೇಶಿಕ ಗೊಂದಲಗಳಿಗಾಗಿ ಪದಪಟ್ಟಿಯನ್ನು ಬದಲಿಸಲಾಗದು.’

ಪ್ರಾದೇಶಿಕ ಗೊಂದಲ! ಮುಸರತಳ ಹದಿನೆಂಟು ವರ್ಷಕ್ಕೆ ಇವನಿಟ್ಟ ಹೆಸರು ಅದು. ಯಶೋಧರಾ ಅಲ್ಲಿಯವರೆಗೆ ಅವನಿಗೆ ಶಾಲೆಯ ಪ್ರಬಂಧದ ಹಾಗೆ ಮಾನ್ಯರೇ, ದಯವಿಟ್ಟು, ಪರಿಗಣಿಸಬೇಕಾಗಿ ವಿನಂತಿ ಎಂದೆಲ್ಲ ಬರೆದಿದ್ದಳು. ಈಗ ಕೈ ತನ್ನಷ್ಟಕ್ಕೆ ತಾನು ಮನೆಯ ಮಾತಿನಲ್ಲಿ ಬರೆಯಿತು: ‘ಸಾಹೇಬ್ರ, ಹೊರಗಿಂದ ಯಾರರೆ ನಿಮ್ಮ ಬಾಗಲಾ ಬಡದು ತೆಗೀರಿ ಅಂದ್ರ ನೀವು ಬಾಗಲಾ ತೆಗೀತಿರೋ, ಚೌಕಟ್ಟ ಸಮೇತ ಕಿತ್ತು ಒಗಿತಿರೋ?’

ಕಳಿಸಿದ ಕೂಡಲೇ ಹಾಯೆನಿಸಿತು. ಆ ಹಾಯಿ ಹತ್ತು ನಿಮಿಷ ಉಳಿಯಿತು. ಸೌಜನ್ಯ ನಿಯಮ ಉಲ್ಲಂಘಿಸಿದ್ದಕ್ಕೆ ಅವಳ ಖಾತೆಯನ್ನು ಎರಡು ದಿನ ತಡೆಹಿಡಿಯಲಾಗಿದೆ ಎಂದು ಯಂತ್ರ ತಿಳಿಸಿತು. ಅಮೃತಪ್ಪನವರು ಟೇಬಲಿನಾಚೆಯಿಂದ ಇಣುಕಿ ನೋಡಿ, ಕಂಪನಿಯವರ ಜೊತೆ ಜಗಳ ಯಾಕೆ, ನಾಳೆ ಅವರು ಆ್ಯಪೇ ಕೊಡುವುದಿಲ್ಲ ಅಂದರೆ ಏನು ಗತಿ, ಹೆಂಗಸರಿಗೆ ಬಾಯಲ್ಲಿ ಹೇಳಿಬಿಟ್ಟರಾಯಿತು ಎಂದು ಬುದ್ಧಿ ಹೇಳಿದರು. ಬಾಯಲ್ಲಿ ಹೇಳಿದ್ದು ಮನೆಗೆ ಹೋಗಿ ಒಬ್ಬರೇ ಕೂತಾಗ ನೆನಪಿರುವುದಿಲ್ಲ, ಆಗ ಕಣ್ಣಿಗೆ ಬೀಳುವುದು ಗುಂಡಿಯ ಮೇಲಿನ ಅಕ್ಷರವೇ ಎಂದು ಅವಳು ವಾದಿಸಿದಳು. ಅವರು ಆಗಲೇ ಪೇಪರು ಬಿಡಿಸಿಕೊಂಡಿದ್ದರು.

ಯಂತ್ರದ ಆ ಸೂಚನೆಯ ಕೆಳಗೇ ಪರಿಶೀಲಕ ಒಂದು ಸಂದು ಬಿಟ್ಟಿದ್ದ. ಕನಿಷ್ಠ ಮೂರು ಊರುಗಳ ಹತ್ತು ದರ್ಜಿಗಳು ಆ ಪದವನ್ನು ತಪ್ಪಾಗಿ ಓದುತ್ತಾರೆಂದು ವಿಡಿಯೋ ಸಾಕ್ಷಿ ಕೊಟ್ಟರೆ ಮರುಪರಿಶೀಲಿಸಬಹುದು. ಅವನು ಇದನ್ನು ಅವಳ ಬಾಯಿ ಮುಚ್ಚಿಸಲು ಬರೆದದ್ದು. ಯಶೋಧರಾ ರಜೆ ಹಾಕಿ ಬಸ್ಸು ಹತ್ತಿದಳು.

ಕೈಯಲ್ಲಿ ಕೇಂದ್ರದ ಹಳೆಯ ಫೋನು, ಅದರಲ್ಲಿ ಸುಳ್ಳು ಹೆಸರಿನ ಕಾರ್ಡುಗಳು. ಪ್ರಶ್ನೆ ಒಂದೇ: ಈ ಗುಂಡಿ ಒತ್ತಿದರೆ ಏನಾಗುತ್ತದೆ? ವಾಡಿಯಲ್ಲಿ ಸ್ಟೇಷನ್ನಿನ ಹತ್ತಿರ ಯೂನಿಫಾರ್ಮು ಹೊಲಿಯುವ ಮಶಾಕ, ತೆಗೀರಿ ಅಂದರೆ ತೆಗೆಯುವುದು, ಇದರಲ್ಲಿ ಕೇಳುವುದೇನಿದೆ ಎಂದು ಇವಳು ತಡೆಯುವುದರೊಳಗೆ ಒತ್ತಿಯೇ ಬಿಟ್ಟ. ಕಾರ್ಡು ಹೋಯಿತು. ಅವನು ಫೋನನ್ನು ತಿರುಗಿಸಿ ಹಿಂಭಾಗವನ್ನು ಒಂದು ಸಲ ನೋಡಿದ. ಶಹಾಬಾದಿನಲ್ಲಿ ನಾಲ್ವರು, ಚಿಂಚೋಳಿಯಲ್ಲಿ ಐವರು, ಎಲ್ಲರದೂ ಅದೇ ಮಾತು. ಚಿತ್ತಾಪುರದಲ್ಲಿ ಮೂವರು ಸಿಕ್ಕರು; ಇಬ್ಬರು ಕಾರ್ಡು ಬಿಚ್ಚುತ್ತದೆ ಎಂದರು, ಚಂದ್ರಾಮ ಎಂಬ ಮುದುಕ ಮಾತ್ರ ಕೈ ಹಿಂದೆಳೆದುಕೊಂಡು, ಇದು ಅಳಿಸಿ ಹಾಕುತ್ತದೆ ಎಂದ. ಯಶೋಧರಾಗೆ ಪೆಚ್ಚಾಯಿತು. ಆದರೂ ಅವನದನ್ನೂ ವಿಡಿಯೋ ಮಾಡಿಕೊಂಡಳು, ಸುಳ್ಳು ಸಾಕ್ಷಿ ಅನ್ನಿಸಿಕೊಳ್ಳಬಾರದಲ್ಲ. ನಿಮಗೆ ಹೇಗೆ ಗೊತ್ತಾಯಿತು ಎಂದು ಕೇಳಿದಳು.

“ಹ್ಯಾಂಗಂದ್ರ? ಹೋದ ವರ್ಷ ನಂದು ಎಲ್ಲಾ ಹೋಗ್ಯಾವಲ್ಲ,” ಎಂದ ಚಂದ್ರಾಮ. “ಯಾರಿಗಿ ಹೇಳ್ಬೇಕಂತ ತಿಳೀಲಿಲ್ಲ. ಸುಮ್ನಾದೆ.”

ಹದಿಮೂರು ವಿಡಿಯೋ. ಹನ್ನೆರಡು ಜನ ಕಳೆದುಕೊಳ್ಳಲು ತಯಾರಾಗಿ ಕೂತವರು, ಒಬ್ಬ ಕಳೆದುಕೊಂಡಾದವನು. ಬಸ್ಸಿನಲ್ಲಿ ವಾಪಸ್ ಬರುವಾಗ ಯಶೋಧರಾಗೆ ಆ ಮುದುಕನ ಮೇಲೂ ಸಿಟ್ಟು ಬಂತು, ಸುಮ್ಮನಾದದ್ದಕ್ಕೆ. ಅವನು ಹೋದ ವರ್ಷವೇ ಕಿರುಚಿದ್ದರೆ ಮುಸರತ ಉಳಿಯುತ್ತಿದ್ದಳು. ಆಮೇಲೆ, ಅವನು ಕಿರುಚಬೇಕಾದದ್ದಾದರೂ ಎಲ್ಲಿ, ಇಂಗ್ಲಿಷಿನ ತಲೆಬರಹ ಕೊಟ್ಟೇ ಎಂದು ನೆನಪಾಗಿ ಆ ಸಿಟ್ಟು ಮತ್ತೆ ಪುಣೆಯ ದಾರಿ ಹಿಡಿಯಿತು.

ಹನ್ನೊಂದನೆಯ ದಿನ, ಶುಕ್ರವಾರ ಮಧ್ಯಾಹ್ನ, ಕೋರಿಕೆ ಪಾಸಾಯಿತು. ‘ಸಾಕ್ಷಿ ಪರಿಶೀಲಿಸಿದೆ. ತೆಗೆಯಿರಿ ಎಂಬುದರ ಬದಲು ಅಳಿಸಿ. ಧನ್ಯವಾದಗಳು’ ಎಂದಿದ್ದ ಪರಿಶೀಲಕ. ಯಶೋಧರಾ ಕುರ್ಚಿಯಿಂದೆದ್ದು ಎರಡು ಸುತ್ತು ಓಡಾಡಿದಳು. ಅಮೃತಪ್ಪನವರು ಏನಾಯಿತಮ್ಮಾ ಎಂದರೆ ಅವರಿಗೂ ಒಂದು ಚಹಾ ತರಿಸಿದಳು.

ಸಂಜೆಗೆ ಮುಸರತಳ ಅಂಗಡಿ ಕಟ್ಟೆ ಹತ್ತಿದಳು. ಮುಸರತ ಫೋನಿನಲ್ಲಿ ಬಂದಿದ್ದ ಉತ್ತರವನ್ನು ಎರಡು ಸಲ ಓದಿದಳು. ಒಳಗೆ ಹೋಗಿ ಒಂದು ತಟ್ಟೆ ಮಂಡಕ್ಕಿ ಸುಸಲಾ ತಂದು ಮುಂದಿಟ್ಟಳು, ಮೇಲೆ ಪುಠಾಣಿ ಪುಡಿ ಹೆಚ್ಚಾಗಿಯೇ ಉದುರಿಸಿ. ಸೋಮವಾರ ಸುಲೇಪೇಟಕ್ಕೆ ತಾನೂ ಬರುತ್ತೇನೆ, ಆ ಹೆಂಗಸರಿಗೆ ಕಟಿಂಗಿನ ನಾಲ್ಕು ಮಾತು ಹೇಳುತ್ತೇನೆ ಎಂದಳು. ಹನ್ನೊಂದು ದಿನದ ಮೇಲೆ ಯಶೋಧರಾ ಅವತ್ತು ಹೊಟ್ಟೆ ತುಂಬ ತಿಂದಳು.

ಸೋಮವಾರ ಬೆಳಿಗ್ಗೆ ಹೊಸ ಪುಟದ ಇಪ್ಪತ್ತೆರಡು ಪ್ರತಿ ಮುದ್ರಿಸಿಕೊಂಡು ಇಬ್ಬರೂ ಬಸ್ಸು ಹತ್ತಿದರು. ಹನ್ನೊಂದು ದಿನ ಆ ಪುಟವನ್ನು ಕಣ್ಣಲ್ಲಿ ಕಣ್ಣಿಟ್ಟು ಓದಿದ ಯಶೋಧರಾ ಅವತ್ತು ಮಾತ್ರ ಓದಲಿಲ್ಲ. ಗೆದ್ದವಳಿಗೆ ಮತ್ತೆ ಯಾಕೆ ಓದು! ಸಮುದಾಯ ಭವನದಲ್ಲಿ ಜಮಖಾನೆ ಹಾಸಿತ್ತು. ಹೆಂಗಸರು ಫೋನು ಹಿಡಿದು ಕಾಯುತ್ತಿದ್ದರು. ಆ್ಯಪು ಹಾಕಿಸಿ, ಹಾಳೆ ಹಂಚಿ, ಮುಂದಿನ ಸಾಲಿನಲ್ಲಿ ಕೂತಿದ್ದ ಅನಸುಬಾಯಿಗೆ ಗಟ್ಟಿಯಾಗಿ ಓದಲು ಹೇಳಿದಳು.

ಅನಸುಬಾಯಿ ಬೆರಳಿಟ್ಟು ಓದಿದಳು. “ಹೊಸ ಗಿರಾಕಿ ಬಂದ ಕೂಡಲೇ ಹೆಸರು ಬರೆಯಿರಿ. ನಂತರ ಗಿರಾಕಿಯ ಅಳತೆ ಅಳಿಸಿ. ನಂತರ ಬಟ್ಟೆಯ ಫೋಟೋ ಅಳಿಸಿ.” ಓದಿ ತಲೆಯೆತ್ತಿದಳು. “ಇನ್ನಾ ಅಳತಿ ತಗೊಂಡೇ ಇಲ್ಲ, ಅಳಸೋದು ಹ್ಯಾಂಗ್ರಿ ಮೇಡಂ?”

ಯಶೋಧರಾ ಹಾಳೆ ಕಸಿದುಕೊಂಡಳು. ಅವಳು ತಿದ್ದಿಸಿದ ಸಾಲು ಸರಿಯಾಗಿತ್ತು: ಕಾರ್ಡನ್ನು ಆಯ್ದು ಅಳಿಸಿ ಒತ್ತಿ. ಆದರೆ ಅಳತೆ ತೆಗೆಯಿರಿ, ಫೋಟೋ ತೆಗೆಯಿರಿ ಎಂದು ಮೊದಲಿಂದ ನೆಟ್ಟಗಿದ್ದ ಸಾಲುಗಳೂ ಇದ್ದವಲ್ಲ, ಅವೂ ಬದಲಾಗಿದ್ದವು. ಪದಪಟ್ಟಿಯಲ್ಲಿ ತೆಗೆಯಿರಿ ಹೋಗಿ ಅಳಿಸಿ ಬಂದದ್ದೇ ತಡ, ಯಂತ್ರ ಎಲ್ಲೆಲ್ಲಿ ತೆಗೆಯಿರಿ ಕಂಡಿತೋ ಅಲ್ಲೆಲ್ಲ ಅಳಿಸಿ ಎಂದು ತುಂಬಿತ್ತು. ಹೆಂಗಸರ ಫೋನುಗಳಲ್ಲೂ ಅದೇ. ಕ್ಯಾಮೆರಾದ ಚಿತ್ರದ ಕೆಳಗೆ ‘ಫೋಟೋ ಅಳಿಸಿ’. ಟೇಪಿನ ಚಿತ್ರದ ಕೆಳಗೆ ‘ಅಳತೆ ಅಳಿಸಿ’. ಹಿಂದಿನ ಸಾಲಿನಲ್ಲಿ ಒಬ್ಬಾಕೆ ಮುಟ್ಟಿದರೆ ಏನಾಗುವುದೋ ಎಂದು ಫೋನನ್ನು ಜಮಖಾನೆಯ ಮೇಲೆ ಬೋರಲು ಮಲಗಿಸಿದಳು.

ಹಾಳೆಯ ಕೊನೆಯಲ್ಲಿ ಮೊದಲು ಇರದಿದ್ದ ಒಂದು ಸಾಲಿತ್ತು. ಈ ಪುಟದ ಕೊಡುಗೆದಾರರು: ಯಶೋಧರಾ, ಸೇಡಂ. ಬೇರೆ ಯಾರ ಹೆಸರೂ ಇಲ್ಲ. ಪರಿಶೀಲಕನದಿಲ್ಲ, ಕಂಪನಿಯವರದಿಲ್ಲ, ಯಂತ್ರದ್ದಂತೂ ಇಲ್ಲ. ಅವಳಿಗೆ ಅಳು ಬಂತು, ಅದಕ್ಕಿಂತ ಹೆಚ್ಚು ನಾಚಿಕೆ ಬಂತು, ಎರಡನ್ನೂ ನುಂಗಿದರೆ ಉಳಿದದ್ದು ಬರೀ ಸಿಟ್ಟು. ಇಪ್ಪತ್ತೆರಡು ಹೆಂಗಸರು ಅವಳ ಮುಖವನ್ನೇ ನೋಡುತ್ತಿದ್ದರು. ಗೋಡೆಯ ಕಡೆ ತಿರುಗಿ ನಿಂತು ಫೋನಿನಲ್ಲಿ ವೆಬ್‌ಸೈಟು ಬಿಚ್ಚಿ ಪರಿಶೀಲಕನಿಗೆ ಬರೆದಳು: ‘ನನಗೆ ನಿಮ್ಮ ಸಹವಾಸ ಸಾಕು. ಈ ಪುಟದಿಂದ ನನ್ನ ಹೆಸರು ತೆಗೆಯಿರಿ.’

ಕಳಿಸುವ ಗುಂಡಿ ಒತ್ತುವ ಮೊದಲೇ ಮುಸರತ ಪಕ್ಕಕ್ಕೆ ಬಂದು ನಿಂತಿದ್ದಳು. ಹಾಳೆಯನ್ನು ಪೂರ್ತಿ ಓದಿಯಾಗಿತ್ತು. ಈಗ ಫೋನಿನಲ್ಲಿದ್ದುದನ್ನೂ ಓದಿದಳು. ಅವಳು ಬೈದರೆ ಬೈಸಿಕೊಳ್ಳಲು ಯಶೋಧರಾ ತಯಾರಾಗಿದ್ದಳು. ಮುಸರತ ಬೈಯಲಿಲ್ಲ.

“ಹೆಸರು ಇರ್ಲಿ ಬಿಡು,” ಎಂದಳು ದನಿ ತಗ್ಗಿಸಿ. “ನಂದು ಹೋದಾಗ ಆ ಪುಟದ ಕೆಳಗ ಒಬ್ಬರದೂ ಹೆಸರಿದ್ದಿಲ್ಲ. ಯಾರನ್ನ ಹಿಡದು ಕೇಳ್ಬೇಕಿತ್ತು ನಾ? ಕೈಗೆ ಸಿಕ್ಕಾಕಿ ನೀ ಒಬ್ಬಾಕಿ, ನಿನ್ನ ಹಿಡದೆ. ಇವರಿಗರೆ ಕೇಳಾಕ ಒಂದು ಹೆಸರಿರ್ಲಿ.”

ಹೇಳಿ ಅವಳು ಹೆಂಗಸರ ಕಡೆ ತಿರುಗಿದಳು. ಫೋನು ಆಚೆ ಇಡ್ರಿ, ಮೊದಲು ಟೇಪು ಹಿಡಿಯುವುದು ನೋಡ್ರಿ ಎನ್ನುತ್ತ ಅನಸುಬಾಯಿಯನ್ನು ಎಬ್ಬಿಸಿ ನಿಲ್ಲಿಸಿ ಭುಜದ ಅಳತೆ ಶುರು ಮಾಡಿದಳು.

ಯಶೋಧರಾ ಬರೆದದ್ದನ್ನು ಅಳಿಸಿದಳು. ಹೊಸ ಕೋರಿಕೆ ಶುರು ಮಾಡಿ, ಇಂಗ್ಲಿಷಿನಲ್ಲಿ ತಲೆಬರಹ ಕೊಟ್ಟು, ಸಾಲಿನ ಕೊನೆಯಲ್ಲಿ ಖಾಲಿ ಜಾಗ ಉಳಿದಿದೆಯೇ ಎಂದು ನೋಡಿಕೊಂಡಳು. ಪುಟದ ಬುಡದಲ್ಲಿ ತನ್ನ ಹೆಸರಿದ್ದ ಸಾಲಿಗೂ ಒಂದು ತಿದ್ದುಪಡಿ ಸೇರಿಸಿದಳು. ಸೇಡಂ ಎಂಬುದರ ಮುಂದೆ ತನ್ನ ಫೋನ್ ನಂಬರು ಬರೆದಳು.